ಲೆನ್ಸಿಗೆ ಅಡ್ಡ ಹಿಡಿದ ಕೈ

ನರಸೀಪುರದಲ್ಲಿ ಕೆಲಸ ನಿಲ್ಲಿಸಿದ ಒಂದು ಅಕ್ಕಿ ಗಿರಣಿಯ ಮಹಡಿಯಲ್ಲಿ ನಾವು ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಸಿನಿಮಾ ನೋಡುತ್ತೇವೆ. ನಾವು ಅಂದರೆ ಇಪ್ಪತ್ತು ಇಪ್ಪತ್ತೆರಡು ಜನ: ಕೆಲವು ಮೇಷ್ಟರುಗಳು, ಬ್ಯಾಂಕಿನವರು, ಒಬ್ಬ ಹಲ್ಲಿನ ಡಾಕ್ಟರು, ಸೋಸಲೆಯಿಂದ ಬಸ್ಸಿನಲ್ಲಿ ಬರುವ ನಾಲ್ಕು ಹೆಂಗಸರು. ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿಕೊಳ್ಳುತ್ತೇವೆ. ಎಷ್ಟು ಗುಡಿಸಿದರೂ ಆ ಮಹಡಿಯಿಂದ ತೌಡಿನ ವಾಸನೆ ಹೋಗಿಲ್ಲ.

ನಾನು ನಂಜನಗೂಡಿನವಳು, ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ಸಿನಿಮಾ ಆರಿಸುವುದು ನನ್ನ ಕೆಲಸ. ಫ್ರೆಂಚ್ ಒಂದಕ್ಷರ ಬಾರದಿದ್ದರೂ ನಮ್ಮಲ್ಲಿ ಹೆಚ್ಚು ಓಡಿದ್ದು ಫ್ರೆಂಚ್ ಸಿನಿಮಾಗಳೇ. ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಮೊದಲೇ ಕನ್ನಡಕ್ಕೆ ತಂದು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಪ್ರೊಜೆಕ್ಟರಿನ ಪಕ್ಕ ನಿಂತು ಮೈಕಿನಲ್ಲಿ ಓದುತ್ತೇನೆ. ಗಂಡಸಿನ ಮಾತಿಗೂ, ಹೆಂಗಸಿನ ಅಳುವಿಗೂ, ಕುಡುಕನ ಬೈಗುಳಕ್ಕೂ ನನ್ನದೊಂದೇ ದನಿ. ಬೈಗುಳಗಳನ್ನು ಮಾತ್ರ ನಾನು ತುಸು ಹುರುಪಿನಿಂದಲೇ ಓದುತ್ತೇನೆ ಎಂದು ಸೋಸಲೆಯ ಹೆಂಗಸರು ಕಾಲೆಳೆಯುತ್ತಾರೆ.

ಈಗಿನ ಫ್ರೆಂಚ್ ನಿರ್ದೇಶಕರಲ್ಲಿ ಒಂದು ಬಗೆಯವರಿದ್ದಾರೆ. ನೋಡುವವರು ಸುಖವಾಗಿ ಕುಳಿತಿರುವುದನ್ನು ಅವರು ಸಹಿಸುವುದಿಲ್ಲ. ರಕ್ತ, ಮಾಂಸ, ಹಾಸಿಗೆ, ಹೆರಿಗೆ, ಹೆಣ, ಯಾವುದು ಬಂದರೂ ಅವರ ಕ್ಯಾಮೆರಾ ಕಣ್ಣು ಮಿಟುಕಿಸುವುದಿಲ್ಲ. ಬೇರೆಯವರು ಬಾಗಿಲು ಹಾಕಿಕೊಂಡು ಹೊರಬರುವ ಕೋಣೆಯಲ್ಲಿ ಇವರು ಸ್ಟೂಲು ಎಳೆದುಕೊಂಡು ಕೂರುತ್ತಾರೆ. ಎಲ್ಲವೂ ಒಳ್ಳೆಯ ಸಿನಿಮಾಗಳೆಂದು ನಾನು ಹೇಳುವುದಿಲ್ಲ. ಕೆಲವು ಬರೀ ಕೆಣಕಲೆಂದೇ ಕೆಣಕುತ್ತವೆ. ಅಂಥವನ್ನು ನೋಡಿ ಮೈಯೆಲ್ಲ ಉರಿದು ಅರ್ಧಕ್ಕೇ ನಿಲ್ಲಿಸಿದ್ದೇನೆ. ಒಂದು ಸಲ ಹಲ್ಲಿನ ಡಾಕ್ಟರೇ ರಕ್ತ ನೋಡಲಾರದೆ ಎದ್ದು ಹೋದರು. ಆದರೂ ನಾನು ಮತ್ತೆ ಮತ್ತೆ ಅವನ್ನೇ ತರುತ್ತಿದ್ದೆ, ಮತ್ತೆ ಮತ್ತೆ ಅವುಗಳ ಪರವಾಗಿಯೇ ಜಗಳ ಆಡುತ್ತಿದ್ದೆ.

ಜಗಳ ಹೆಚ್ಚಾಗಿ ನಮ್ಮ ಆಪರೇಟರಣ್ಣನ ಜೊತೆ. ಎಪ್ಪತ್ತು ದಾಟಿದವರು. ಹಿಂದೆ ಟೆಂಟಿನಲ್ಲೂ ಆಮೇಲೆ ಊರಿನ ಟಾಕೀಸಿನಲ್ಲೂ ರೀಲು ಓಡಿಸಿದವರು. ಆ ಟಾಕೀಸು ಈಗ ಕಲ್ಯಾಣ ಮಂಟಪವಾಗಿದೆ. ಅಂಥ ಇಂಥ ದೃಶ್ಯ ಬಂದರೆ ಲೆನ್ಸಿಗೆ ಅಂಗೈ ಅಡ್ಡ ಹಿಡಿಯುವುದು ಅವರ ಕಾಲದ ರೂಢಿ. ಪರದೆ ಕಪ್ಪಾಗುತ್ತಿತ್ತು, ಸದ್ದು ಮಾತ್ರ ಓಡುತ್ತಿತ್ತು. ಸಂಸಾರ ಸಮೇತ ಬಂದವರು ‘ಕೈ ಬಂತು’ ಎಂದು ಕಡಲೆಕಾಯಿ ಬಿಡಿಸಿಕೊಳ್ಳುತ್ತ ಕಾಯುತ್ತಿದ್ದರಂತೆ. ಯಾರೂ ಹೇಳದಿದ್ದರೂ ನಮ್ಮ ಪುಟ್ಟ ಪ್ರೊಜೆಕ್ಟರಿಗೂ ಅವರು ಅದನ್ನೇ ಶುರುಮಾಡಿದರು, ಕೈ ಬದಲಿಗೆ ಒಂದು ಹಳೆಯ ಲಗ್ನಪತ್ರಿಕೆ ಹಿಡಿದು. ಪ್ರತಿ ಪ್ರದರ್ಶನಕ್ಕೂ ಒಂದು ವಾರ ಮುಂಚೆ ನಾವಿಬ್ಬರೂ ಕುಳಿತು ಸಿನಿಮಾ ನೋಡುತ್ತಿದ್ದೆವು: ನಾನು ಮಾತು ಬರೆದುಕೊಳ್ಳುತ್ತಿದ್ದೆ, ಅವರು ಕಾರ್ಡು ಹಿಡಿಯಬೇಕಾದ ಹೊತ್ತನ್ನು ಗುರುತು ಹಾಕಿಕೊಳ್ಳುತ್ತಿದ್ದರು.

"ಮುಚ್ಚೋದಾದರೆ ತೋರಿಸೋದ್ಯಾಕೆ ಅಣ್ಣ?" ಎಂದು ನಾನು ಕೂಗಾಡುತ್ತಿದ್ದೆ. "ಅವರು ಅಷ್ಟು ಧೈರ್ಯವಾಗಿ ತೆಗೆದದ್ದನ್ನು ನೋಡೋ ಧೈರ್ಯ ನಮಗೆ ಬೇಡ್ವಾ?"

"ಇದ್ದೋರ್ ನೋಡ್ಲಿ ಬುಡಿ ಮೇಡಂ, ಅವ್ರವ್ರ ಮನೇಲಿ," ಎನ್ನುತ್ತಿದ್ದರು. "ಇಲ್ಲಿ ಪಕ್ಕದಲ್ಲಿ ಇನ್ನೊಬ್ರು ಕುಂತಿರ್ತಾರೆ ಅಲ್ವರಾ?"

ಧೈರ್ಯದ ಬಗ್ಗೆ ಅಷ್ಟು ದೊಡ್ಡ ಗಂಟಲಿನಲ್ಲಿ ಮಾತಾಡುತ್ತಿದ್ದ ನಾನು ಹೇಗಿದ್ದೆ ಎಂಬುದನ್ನೂ ಹೇಳಬೇಕು. ಎರಡು ವರ್ಷದ ಹಿಂದೆ ಮೈಸೂರಿನಲ್ಲಿ ನನ್ನ ಎಡ ಎದೆ ತೆಗೆದರು. ಕಾಯಿಲೆ ವಾಸಿಯಾಯಿತು. ಆದರೆ ಅಂದಿನಿಂದ ಆ ಜಾಗವನ್ನು ನಾನು ಯಾರಿಗೂ ತೋರಿಸಿರಲಿಲ್ಲ, ಗಂಡನಿಗೂ ಇಲ್ಲ. ಬಟ್ಟೆ ಬದಲಿಸುವಾಗ ಚಿಲಕ ಹಾಕಿ, ಕನ್ನಡಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದೆ. ಬದನವಾಳಿನಲ್ಲಿ ಬಹಳ ವರ್ಷ ಖಾದಿ ನೂಲು ತೆಗೆದ ನನ್ನಕ್ಕ, ಒಳಗೆ ಇಟ್ಟುಕೊಳ್ಳಲೆಂದು ಮೆತ್ತನೆಯ ಹತ್ತಿ ತುಂಬಿ ಪುಟ್ಟ ದಿಂಬು ಹೊಲಿದುಕೊಟ್ಟಳು. ಅದು ಸರಿಯಾಗಿ ಕೂರಲಿಲ್ಲ. ಇನ್ನೊಂದು ಹೊಲಿದಳು, ಅದೂ ಕೂರಲಿಲ್ಲ. ಪಾಠ ಹೇಳುವಾಗ ಕೈಯೆತ್ತಿ ಬೋರ್ಡಿನ ಮೇಲೆ ಬರೆದರೆ ಸಾಕು, ಜರುಗಿ ಪಕ್ಕಕ್ಕೆ ಬರುತ್ತಿತ್ತು. ಸೆರಗು ಎಳೆದುಕೊಳ್ಳುವುದೇ ನನಗೊಂದು ಉದ್ಯೋಗವಾಯಿತು.

"ಅಳತೆ ಕೊಡೇ," ಎಂದು ಅಕ್ಕ ಬೇಡಿಕೊಂಡಳು. "ಅಂದಾಜ್ನಲ್ಲಿ ಎಷ್ಟೂಂತ ಒಲೀಲಿ? ನಾನೇನು ಒರಗಿನೋಳಾ?"

"ಇದೇ ಸಾಕು ಬಿಡು," ಎಂದು ಸಿಡುಕಿ ಎದ್ದು ಬರುತ್ತಿದ್ದೆ.

ಹಾಗಿರುವಾಗ ಆ ಸಿನಿಮಾ ಕೈಗೆ ಬಂತು. ಹೆಸರು ಬೇಡ. ಸಮುದ್ರದ ದಡದ ಒಂದು ಊರಿನಲ್ಲಿ ಮೀನು ಮಾರುವ, ಅರವತ್ತರ ಹತ್ತಿರದ ಹೆಂಗಸಿನ ಕತೆ. ಅವಳಿಗೂ ನನ್ನಂಥದೇ ಆಪರೇಷನ್ ಆಗಿದೆ. ಗಂಡ ಅವಳ ಮುಖ ಬಿಟ್ಟು ಬೇರೆಲ್ಲೂ ನೋಡುವುದಿಲ್ಲ, ಗಿರಾಕಿಗಳು ಮೀನು ಬಿಟ್ಟು ಬೇರೆಲ್ಲೂ ನೋಡುವುದಿಲ್ಲ. ಒಂದು ದಿನ ನಟ್ಟನಡು ಮಧ್ಯಾಹ್ನ, ತುಂಬಿದ ಸಂತೆಯಲ್ಲಿ, ಅವಳು ಕೈ ತೊಳೆದುಕೊಂಡು ಅಂಗಿಯ ಗುಂಡಿ ಬಿಚ್ಚಿ ನಿಲ್ಲುತ್ತಾಳೆ. ನಾಲ್ಕು ನಿಮಿಷ. ಕ್ಯಾಮೆರಾ ಕದಲುವುದಿಲ್ಲ. ಯಾರೋ ನಗುತ್ತಾರೆ, ಯಾರೋ ಉಗುಳುತ್ತಾರೆ, ಅವಳು ನಿಂತೇ ಇರುತ್ತಾಳೆ.

ಮೊದಲು ಅದನ್ನು ನಾನೊಬ್ಬಳೇ ನೋಡಿದೆ. ಬಿಟ್ಟುಬಿಡೋಣ ಎನಿಸಿತು. ಹಾಗೆ ಅನಿಸಿದ್ದಕ್ಕೇ ಹಟ ಬಂದು ಆಪರೇಟರಣ್ಣನ ಮುಂದೆ ಹಾಕಿದೆ. ಕಾರ್ಡು ಹೇಗೂ ಇದೆಯಲ್ಲ ಎಂಬ ಲೆಕ್ಕಾಚಾರವೂ ಮನಸ್ಸಿನ ಮೂಲೆಯಲ್ಲಿ ಇತ್ತು, ಈಗ ಒಪ್ಪಿಕೊಳ್ಳುತ್ತೇನೆ. ಆ ದೃಶ್ಯ ಬಂದಾಗ ಅವರು ಪೆನ್ನು ಮುಟ್ಟಲಿಲ್ಲ. ಮುಗಿದ ಮೇಲೆ ಗುರುತು ಹಾಕುವ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

"ಇದ್ನ ಮುಚ್ಚದು ಬ್ಯಾಡ ಮೇಡಂ," ಎಂದರು. "ನಮ್ಮನೆಯೋಳ್ಗೆ ಎದೇಲಿ ಗಂಟಿತ್ತು. ನಾಚ್ಕೆ ಅಂತ ನಂಗೂ ಏಳ್ಲಿಲ್ಲ, ಡಾಕ್ಟ್ರಿಗೂ ತೋರುಸ್ಲಿಲ್ಲ. ಗೊತ್ತಾದಾಗ ಒತ್ತು ಮೀರೋಗಿತ್ತು. ಜನ ನೋಡ್ಲಿ ಬುಡಿ."

ನನ್ನ ವಿಷಯ ಅವರಿಗೆ ಗೊತ್ತಿರಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಎದ್ದು ಬಂದೆ.

ಆ ಭಾನುವಾರ ಎಲ್ಲರೂ ಬಂದಿದ್ದರು. ಮುಕ್ಕಾಲು ಗಂಟೆ ಚೆನ್ನಾಗಿಯೇ ಓದಿದೆ. ಸಂತೆಯ ದೃಶ್ಯ ಬಂತು. ಅದರಲ್ಲಿ ಮಾತೇ ಇಲ್ಲ, ನಾಲ್ಕು ನಿಮಿಷ ನನಗೆ ಓದಲು ಏನೂ ಇಲ್ಲ. ಅವಳು ಕೈ ತೊಳೆದಳು. ಮೊದಲ ಗುಂಡಿ ಬಿಚ್ಚಿದಳು. ನಾನು ಮೇಜಿನ ಮೇಲೆ ಕಾರ್ಡು ಹುಡುಕಿದೆ. ಅವರು ಅಂದು ಅದನ್ನು ತಂದೇ ಇರಲಿಲ್ಲ. ಎರಡನೆಯ ಗುಂಡಿಗೆ ನನ್ನ ಕೈ ತಾನಾಗಿ ಹೋಗಿ ಲೆನ್ಸಿಗೆ ಅಡ್ಡ ನಿಂತಿತು.

ಪರದೆ ಕಪ್ಪಾಯಿತು. ಸಂತೆಯ ಗಲಾಟೆ ಮಾತ್ರ ಕೇಳುತ್ತಿತ್ತು. ಆಪರೇಟರಣ್ಣ ಕಾರ್ಡು ಹಿಡಿದಿದ್ದಾರೆ ಎಂದು ಜನ ಎಂದಿನಂತೆ ಕಾದರು. ಆಮೇಲೆ ಸೋಸಲೆಯವರಲ್ಲಿ ಹಿರಿಯಾಕೆ ಕತ್ತಲಲ್ಲೇ ಕೂಗಿದರು: "ಯಾರವ್ವ ಅದು ಕೈ ಅಡ್ಡ ಮಡ್ಗಿರದು? ಆ ಯಮ್ಮ ಏನ್ ಮಾಡುದ್ಲು ಅಂತ ನೋಡಕ್ ಬುಡ್ರಪ್ಪ!"

ನನ್ನ ಅಂಗೈ ಮೇಲೆ ಬೆಳಕು ಬಿದ್ದಿತ್ತು. ಅದರಲ್ಲಿ ಬಣ್ಣ ಬಣ್ಣದ ಕಲೆಗಳು ಓಡಾಡುತ್ತಿದ್ದವು, ಏನೂ ಗುರುತು ಸಿಗುತ್ತಿರಲಿಲ್ಲ. ಆಪರೇಟರಣ್ಣ ನನ್ನ ಕಡೆ ತಿರುಗಿ ನೋಡಿದರು. ಕೈಯನ್ನು ನೋಡಿದರು, ಮುಖವನ್ನು ನೋಡಿದರು. ಸೆರಗು ಎಳೆದು ಹಿಡಿದಿದ್ದ ನನ್ನ ಇನ್ನೊಂದು ಕೈಯನ್ನೂ ನೋಡಿದರು. ಅವರಿಗೆ ಎಲ್ಲವೂ ತಿಳಿದುಹೋಯಿತು.

"ತೆಗೀ ತಾಯಿ," ಎಂದರು ಮೆಲ್ಲಗೆ. ಐದು ವರ್ಷದ ಒಡನಾಟದಲ್ಲಿ ನನ್ನನ್ನು ಮೇಡಂ ಎಂದಲ್ಲದೆ ಬೇರೇನೆಂದೂ ಕರೆದವರಲ್ಲ. "ಏನೂ ಆಗಕಿಲ್ಲ, ತೆಗಿ."

ತೆಗೆದೆ. ಅವಳು ಪರದೆಯ ತುಂಬ ನಿಂತಿದ್ದಳು, ಬಿಸಿಲಿನಲ್ಲಿ, ಎಡಗಡೆ ಒಂದು ಉದ್ದ ಗೀರು. ಅಷ್ಟೇ. ಎರಡು ವರ್ಷ ನಾನು ಬೆನ್ನು ತಿರುಗಿಸಿ ನಿಂತದ್ದು ಅಷ್ಟಕ್ಕೆ. ಯಾರೂ ಎದ್ದು ಹೋಗಲಿಲ್ಲ. ಹಲ್ಲಿನ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಸೋಸಲೆಯ ಹಿರಿಯಾಕೆ ‘ಅಯ್ಯೋ ನನ್ನವ್ವ’ ಎಂದು ಪರದೆಯವಳಿಗೆ ಹೇಳಿದ್ದು ಇಡೀ ಮಹಡಿಗೆ ಕೇಳಿತು. ನಾನು ಅತ್ತೆ. ಮೈಕು ಆನ್ ಇತ್ತು, ಆರಿಸಲಿಲ್ಲ.

ಆ ನಟಿಗೆ ನರಸೀಪುರ ಎಲ್ಲಿದೆಯೋ ಗೊತ್ತಿಲ್ಲ. ಆ ಸಿನಿಮಾದವರನ್ನು ಅವರ ಊರಿನಲ್ಲೂ ಎಷ್ಟೋ ಜನ ಬೈದರೆಂದು ಓದಿದ್ದೇನೆ, ಮಾನ ಇಲ್ಲದವರು ಎಂದರಂತೆ. ಬೈಯಲಿ. ನಾನು ಮಾತ್ರ ಅವರಿಗೆ ಕೈಮುಗಿಯುತ್ತೇನೆ. ಅವರಿಗಿಂತ ಒಂದು ಹಿಡಿ ಹೆಚ್ಚಾಗಿ, ಆ ದಿನ ಕಾರ್ಡನ್ನು ಮನೆಯಲ್ಲೇ ಬಿಟ್ಟು ಬಂದ ಆಪರೇಟರಣ್ಣನಿಗೆ.

ಮಾರನೆಯ ದಿನ ಬೆಳಿಗ್ಗೆ ಕಾಲೇಜಿಗೆ ರಜೆ ಹಾಕಿ ಅಕ್ಕನ ಮನೆಗೆ ಹೋದೆ. ಅವಳು ಮಿಷನ್ ಮುಂದೆ ಕುಳಿತಿದ್ದಳು. ‘ಟೇಪು ತಗೋ’ ಎಂದೆ. ಅವಳು ಎದ್ದು ಬಾಗಿಲು ಹಾಕಿದಳು.

"ಕಿಟಕೀನೂ ಹಾಕ್ಲೇನೇ?"

"ಬೇಡ. ನಿನಗೆ ಕಾಣಬೇಕಲ್ಲ."

ಅವಳು ಕನ್ನಡಕ ಹಾಕಿಕೊಂಡು ಟೇಪು ಹಿಡಿದಳು. ಬೆರಳು ಒಂದು ಕ್ಷಣ ನಿಂತಿತು, ಆಮೇಲೆ ತನ್ನ ಕೆಲಸ ಮಾಡಿತು. ಮೇಲಿನಿಂದ ಕೆಳಕ್ಕೆ, ಅಡ್ಡಕ್ಕೆ, ಮತ್ತೊಮ್ಮೆ ಅಡ್ಡಕ್ಕೆ. ಹೊಲಿಗೆಯವರು ಮಾಡುವಂತೆ ಅಂಕಿಗಳನ್ನು ಬಾಯಲ್ಲೇ ಹೇಳಿಕೊಂಡಳು. ಕೊನೆಗೆ ಟೇಪನ್ನು ಕೊರಳಿಗೆ ಹಾಕಿಕೊಂಡು, ಕಣ್ಣೊರೆಸಿಕೊಂಡು, ನನ್ನನ್ನು ಗದರಿದಳು:

"ಎರಡು ವರ್ಷದಿಂದ ಒಂದಿಂಚು ದೊಡ್ಡದೇ ಒಲ್ದು ಕೊಟ್ಟಿವ್ನಿ ಕಣೇ. ಒಂದ್ ಮಾತು ಏಳ್ಬಾರ್ದಾ?"