ಮಾಸ್ತರರ ಹೊಟ್ಟೆಗೆ ಏನಾಗಿದೆ?

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಮೂರು ಕಡೆಯಿಂದ ದಾಳಿಂಬೆ ಸಿಪ್ಪೆ ಬಂತು. ಒಣಗಿಸಿ, ಕುಟ್ಟಿ, ಕಾಗದದಲ್ಲಿ ಪುಡಿಕೆ ಕಟ್ಟಿ ಕಳಿಸಿದ್ದರು. ಪಕ್ಕದ ಮನೆಯ ಶಾಂತಾಬಾಯಿ ಅದರ ಜೊತೆಗೆ ಒಂದು ಗಡಿಗೆ ಮಜ್ಜಿಗೆಯನ್ನೂ ತಂದಿಟ್ಟರು. ಹೊಸ್ತಿಲಲ್ಲೇ ನನ್ನ ಹೆಂಡತಿಯ ಕಿವಿಗೆ ಬಾಯಿ ಹಚ್ಚಿ, "ಮಾಸ್ತರಿಗಿ ಸ್ವಲ್ಪ ದಿನ ಖಾರ ಬಂದ್ ಮಾಡವ್ವಾ" ಎಂದರು. ಮಧ್ಯಾಹ್ನ ಹಕೀಮರ ಮನೆಯಿಂದ ಕರಿ ಪುಡಿ ಬಂತು. ರೊಕ್ಕ ಬೇಡ, ಮಾಸ್ತರು ಮೊದಲು ಎದ್ದು ಓಡಾಡುವಂತಾಗಲಿ ಎಂದು ಹೇಳಿ ಕಳಿಸಿದ್ದರು.

ನನಗೆ ಏನಾಗಿತ್ತು ಅಂತೀರಾ? ಏನೂ ಆಗಿರಲಿಲ್ಲ! ನನ್ನ ಇಡೀ ಆಯುಷ್ಯದಲ್ಲಿ ನಾನು ಅಷ್ಟು ಗಟ್ಟಿಮುಟ್ಟಾಗಿ ಎಂದೂ ಇರಲಿಲ್ಲ. ಶಹಾಬಾದದ ಫರ್ಸಿಕಲ್ಲು ತಿಂದರೂ ಕರಗುವಂಥ ಹೊಟ್ಟೆ. ಆದರೂ ಇಡೀ ಚಿತ್ತಾಪುರ ನನ್ನ ಹೊಟ್ಟೆಯ ಚಿಂತೆಗೆ ಬಿದ್ದಿತ್ತು.

ಇದಕ್ಕೆಲ್ಲ ಕಾರಣ ಓಟ.

ನನ್ನ ಓಟದ ಹುಚ್ಚು ಈ ಅಂಕಣದ ಓದುಗರಿಗೆ ಹೊಸದಲ್ಲ. ಹೊಸಬರಿಗಾಗಿ ಚುಟುಕಾಗಿ ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ನಲವತ್ತು ದಾಟಿದೆ. ಹೋದ ವರ್ಷ ನಮ್ಮೂರ ತರುಣರೆಲ್ಲ ಸೇರಿ ವಾಡಿಯಿಂದ ಚಿತ್ತಾಪುರದವರೆಗೆ ಒಂದು ಓಟ ಇಟ್ಟರು. ಯಾರು ಬೇಕಾದರೂ ಓಡಬಹುದು ಎಂದರು. 'ಯಾರು ಬೇಕಾದರೂ' ಅಂದರೆ ಅದರಲ್ಲಿ ನಾನೂ ಬಂದೆನಲ್ಲ, ಹೆಸರು ಕೊಟ್ಟೆ. ಅರ್ಧ ದಾರಿಯಲ್ಲಿ ಮೀನಖಂಡ ಹಿಡಿದುಕೊಂಡಿತು. ಮೈಲಿಗಲ್ಲಿನ ಮೇಲೆ ಕುಳಿತೆ. ಫರ್ಸಿ ಹೇರಿಕೊಂಡು ಬರುತ್ತಿದ್ದ ಟ್ರ್ಯಾಕ್ಟರಿನವನು ಅಯ್ಯೋ ಪಾಪ ಎಂದು ಹತ್ತಿಸಿಕೊಂಡ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆ ಪುಣ್ಯಾತ್ಮ ನನ್ನನ್ನು ಮನೆ ಹತ್ತಿರ ಇಳಿಸುವುದು ಬಿಟ್ಟು ಸೀದಾ ಓಟ ಮುಗಿಯುವ ಮೈದಾನಕ್ಕೇ ಟ್ರ್ಯಾಕ್ಟರ್ ನುಗ್ಗಿಸಿದ. ಗೆದ್ದವರಿಗೆಂದು ನಿಂತಿದ್ದ ಹಲಗೆಯವರು ಏನು ತಿಳಿದುಕೊಂಡರೋ, ಬಾರಿಸಿಯೇ ಬಿಟ್ಟರು. ಅವತ್ತಿನಿಂದ ನಾನು ಶಾಲೆಯಲ್ಲಿ ಟ್ರ್ಯಾಕ್ಟರ್ ಮಾಸ್ತರ್. ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನ ಬೆಂಚಿನಿಂದ 'ಡುರ್ ಡುರ್' ಎಂಬ ಸದ್ದು. ಮಾನವಂತನಾದವನು ಏನು ಮಾಡಬೇಕು? ಈ ವರ್ಷ ಅದೇ ಮೈದಾನಕ್ಕೆ ನನ್ನ ಎರಡು ಕಾಲಿನ ಮೇಲೆಯೇ ಬರುತ್ತೇನೆಂದು ಪಣ ತೊಟ್ಟೆ. ನಂಬರು ಬೇಡ, ಬಹುಮಾನದ ಕಪ್ ಬೇಡ. ಮುಟ್ಟಿದರೆ ಸಾಕು.

ಪಣ ತೊಡುವುದು ಸುಲಭ. ಪ್ರಾಕ್ಟೀಸಿಗೆ ಹೊತ್ತೆಲ್ಲಿ? ಬೆಳಿಗ್ಗೆ ನಲ್ಲಿ ನೀರು ಬಂದರೆ ಕೊಡ ಹೊರಬೇಕು. ಸಂಜೆ ಗಿರಣಿಗೆ ಹೋಗಿ ಜೋಳ ಬೀಸಿಸಬೇಕು. ಸೀಮೆಎಣ್ಣೆಯ ಸಾಲು ಬೇರೆ. ಉಳಿದದ್ದು ನಸುಕಿನ ಹೊತ್ತೊಂದೇ. ನಾನು ಮತ್ತು ದರ್ಜಿ ಖಾಜಾಮಿಯಾ ಕೂಡಿ ದಂಡೋತಿ ರಸ್ತೆ ಹಿಡಿದು ಕಾಗಿಣಾ ಹೊಳೆಯ ಕಡೆ ಓಡತೊಡಗಿದೆವು. ಖಾಜಾಮಿಯಾ ನನಗಿಂತ ಸಣ್ಣವರು, ತೆಳ್ಳಗೆ, ದಿನವಿಡೀ ಮಶೀನು ತುಳಿದು ಗಟ್ಟಿಯಾದ ಕಾಲು. (ನನ್ನ ಓಟದ ಚಡ್ಡಿ ಹೊಲಿದವರೂ ಅವರೇ. ಅದು ಮೊಣಕಾಲಿನಿಂದ ಕೆಳಗೆ ಇರಬೇಕೆಂದು ನನ್ನ ಹೆಂಡತಿ ಕಮಲಾ ಅಂಗಡಿಗೇ ಹೋಗಿ ಹೇಳಿ ಬಂದಿದ್ದಳು.)

ರಸ್ತೆ ಕೆಟ್ಟದ್ದು ನಿಜ. ರಾಜ್ಯಕ್ಕೆ ಕರ್ನಾಟಕ ಅಂತ ಹೊಸ ಹೆಸರು ಬಂದು ವರ್ಷಗಳಾದರೂ ದಂಡೋತಿ ರಸ್ತೆಗೆ ಹೊಸ ಡಾಂಬರು ಬಂದಿರಲಿಲ್ಲ. ಆದರೆ ನಮ್ಮ ಓಟಕ್ಕೆ ಅಡ್ಡ ಬಂದದ್ದು ರಸ್ತೆಯಲ್ಲ, ಜನ! ನಮ್ಮೂರಲ್ಲಿ ಮನುಷ್ಯ ಓಡಿದರೆ ಅದಕ್ಕೊಂದು ಕಾರಣ ಇರಲೇಬೇಕು. ಬಸ್ಸು ತಪ್ಪಿರಬೇಕು, ನಾಯಿ ಬೆನ್ನು ಹತ್ತಿರಬೇಕು, ಇಲ್ಲವೇ ಯಾರಾದರೂ ಹೋಗಿಬಿಟ್ಟಿರಬೇಕು.

"ಮಾಸ್ತರ, ನಿಂದ್ರಿ ನಿಂದ್ರಿ! ಏನಾತು? ಯಾಕ ಓಡ್ಲಿಕತ್ತೀರಿ?"

"ಏನಿಲ್ರಿ, ಸುಮ್ನ."

"ಸುಮ್ನ ಯಾರರ ಓಡ್ತಾರೇನ್ರಿ? ಖರೇ ಹೇಳ್ರಿ, ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೊ?"

ಇಲ್ಲಿ ಉತ್ತರ ಕೊಡದೆ ಮುಂದೆ ಓಡುವಂತಿಲ್ಲ. ಹಿರಿಯರು ಮಾತಾಡಿಸಿದಾಗ ಬೆನ್ನು ತೋರಿಸಿದರೆ ಸಂಜೆಯೊಳಗೆ 'ಮಾಸ್ತರಿಗೆ ಸೊಕ್ಕು ಬಂದದ' ಎಂದು ಊರೆಲ್ಲ ಆಗುತ್ತದೆ. ಅದೂ ನಾನು ಮಾಸ್ತರ್. ನಾಲ್ಕು ಹೆಜ್ಜೆಗೊಬ್ಬ ಪಾಲಕರು. "ನಮ್ಮ ಹುಡುಗ ಗಣಿತದಾಗ ಹ್ಯಾಂಗ ಅದಾನ್ರಿ?" ಎಂದು ಒಬ್ಬರು ಬೇವಿನಕಡ್ಡಿ ಬಾಯಲ್ಲಿಟ್ಟುಕೊಂಡೇ ಕೇಳಿದರು. (ಹುಡುಗ ಹೇಗಿದ್ದಾನೆಂದು ಏದುಸಿರಿನಲ್ಲಿ ಹೇಳುವುದು ಇಬ್ಬರಿಗೂ ಒಳ್ಳೆಯದಲ್ಲ.) ಚಹಾದಂಗಡಿಯವನು ಒಲೆ ಹಚ್ಚುತ್ತಲೇ "ಬರ್ರಿ, ಕುಂದ್ರಿ, ಒಂದು ಕಪ್ ಕುಡದು ಹೋಗ್ರಿ" ಎನ್ನುತ್ತಾನೆ. ಹೊಲದವರು ಕರೆದು ಕೈಗೆ ಬಿಸಿ ಸೀತನಿ ಹಾಕುತ್ತಾರೆ. ಎಳೆ ಜೋಳದ ತೆನೆ ಸುಟ್ಟು ಉದುರಿಸಿದ್ದನ್ನು ಯಾರು ಬೇಡ ಅಂತಾರೆ? ಸೈಕಲ್ಲಿನವರಂತೂ ಇಳಿದೇಬಿಡುತ್ತಾರೆ. "ಹಿಂದ ಕುಂದ್ರಿ ಮಾಸ್ತರ, ನಾವಿರೂತನಕ ನೀವು ಓಡೂದಂದ್ರ ಏನು!"

ಒಂದು ದಿನ ಕುಳಿತೂಬಿಟ್ಟೆ, ಏನು ಮಾಡಲಿ.

ಹೀಗಾದರೆ ಓಡುವುದು ಯಾವಾಗ? ಹೊಳೆ ಮುಟ್ಟುವ ಮಾತು ಹಾಗಿರಲಿ, ಊರ ಅಗಸಿಬಾಗಿಲು ದಾಟುವುದರಲ್ಲೇ ಹೊತ್ತೇರುತ್ತಿತ್ತು. ಆಗ ಒಂದು ನಸುಕಿನಲ್ಲಿ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಬಸಿಯಲ್ಲಿ ಚಹಾ ಆರಿಸುತ್ತಿದ್ದಾಗ ನಾನೊಂದು ದೃಶ್ಯ ನೋಡಿದೆ. ಊರ ದೊಡ್ಡ ಅಡತಿ ವ್ಯಾಪಾರಿ ದಾಪುಗಾಲು ಹಾಕುತ್ತ ಹೋದರು. ಅವರನ್ನು ಕಂಡರೆ ಎಲ್ಲರೂ ಎದ್ದು ನಮಸ್ಕಾರ ಹೊಡೆಯುವವರೇ. ಅವತ್ತು ಒಬ್ಬನೂ ತಲೆ ಎತ್ತಲಿಲ್ಲ. ಎಲ್ಲರೂ ಆಕಾಶ ನೋಡಿದರು, ಬಸಿ ನೋಡಿದರು. ಯಾಕೆ ಗೊತ್ತೇ? ಅವರ ಕೈಯಲ್ಲಿ ತಂಬಿಗೆ ಇತ್ತು!

ನಸುಕಿನಲ್ಲಿ ತಂಬಿಗೆ ಹಿಡಿದು ಬಯಲಕಡೆ ಹೊರಟವರನ್ನು ನಮ್ಮ ಸೀಮೆಯಲ್ಲಿ ಯಾರೂ ಮಾತಾಡಿಸುವುದಿಲ್ಲ. ಎಲ್ಲಿಗೆ ಎಂದು ಕೇಳುವುದಿಲ್ಲ, ಚಹಾಕ್ಕೆ ಕರೆಯುವುದಿಲ್ಲ. ಸೈಕಲ್ಲಿನ ಮೇಲೆ ಕೂಡಿಸಿಕೊಳ್ಳುವುದಂತೂ ಇಲ್ಲವೇ ಇಲ್ಲ.

ಮರುದಿನದಿಂದ ನನ್ನ ಕೈಯಲ್ಲೂ ಒಂದು ಹಿತ್ತಾಳೆ ತಂಬಿಗೆ.

ಖಾಜಾಮಿಯಾ ಒಪ್ಪಲಿಲ್ಲ. "ನಿಮಗ ನಡೀತದ್ರಿ. ನಾ ದಿನಾ ಹಿಂಗ ತಂಬಿಗಿ ಹಿಡದು ಓಡಿದ್ರ ನನ್ನ ಕಡೆ ಅರಬಿ ಹೊಲಿಸ್ಲಿಕ್ಕ ಯಾರು ಬರ್ತಾರ್ರಿ?" ಎಂದರು. ಬರಿಗೈಯಲ್ಲೇ ನನ್ನ ಹಿಂದೆ ಬಂದರು.

ಆಹಾ, ಆ ದಿನಗಳ ಸುಖ ಏನೆಂದು ಹೇಳಲಿ! ದಾರಿಯಲ್ಲಿ ನಿಂತವರು ಸರಿದು ದಾರಿ ಬಿಟ್ಟರು. ಬಂಡಿಯವರು ಎತ್ತಿನ ಮೂಗುದಾರ ಜಗ್ಗಿ ಬದಿಗೆ ನಿಲ್ಲಿಸಿಕೊಂಡರು. ಪಾಲಕರು ಮುಖ ತಿರುಗಿಸಿದರು. ನಾಲ್ಕೇ ದಿನದಲ್ಲಿ ಹೊಳೆ ಮುಟ್ಟಿದೆ. ಕಾಲು ಹಗುರಾಯಿತು, ಉಸಿರು ಉದ್ದವಾಯಿತು. ತಂಬಿಗೆಯಲ್ಲಿ ಒಂದಿಷ್ಟು ನೀರು ಇರುತ್ತಿತ್ತು, ಹೊಳೆಯ ಹತ್ತಿರ ದಣಿವಾದಾಗ ಅದನ್ನೇ ಗಟಗಟ ಕುಡಿಯುತ್ತಿದ್ದೆ. (ಹಾಗೆ ಕುಡಿಯುವುದನ್ನು ದಂಡೋತಿಯ ಒಬ್ಬ ಮುದುಕಿ ನೋಡಿ ಸೆರಗು ಬಾಯಿಗಿಟ್ಟುಕೊಂಡು ಹೋದಳು. ಆಗಲೇ ನನಗೆ ಬುದ್ಧಿ ಬರಬೇಕಿತ್ತು.)

ಯೋಚಿಸಿ ನೋಡಿ. ಒಬ್ಬ ಮನುಷ್ಯ ದಿನಾ ನಸುಕಿನಲ್ಲಿ ತಂಬಿಗೆ ಹಿಡಿದು ಓಡುತ್ತಾನೆ. ನಡೆಯುವುದಿಲ್ಲ, ಓಡುತ್ತಾನೆ! ದಿನದಿಂದ ದಿನಕ್ಕೆ ಅವನ ಸ್ಪೀಡು ಹೆಚ್ಚುತ್ತಿದೆ. ಮೈಯಲ್ಲಿ ಬೊಜ್ಜು ಕರಗುತ್ತಿದೆ. ಜನ ಏನು ತಿಳಿಯಬೇಕು?

ನನ್ನನ್ನು ಕೇಳುವಂತಿಲ್ಲ, ಹಾಗಾಗಿ ಹಿಂದೆ ಬರುತ್ತಿದ್ದ ಖಾಜಾಮಿಯಾರನ್ನು ಕೇಳಿದರು. ಅವರಿಗೂ ನಿಲ್ಲುವ ಮನಸ್ಸಿಲ್ಲ. "ಮಾಸ್ತರಿಗಿ ಭಾಳ ಅರ್ಜೆಂಟ್ ಅದರಿ, ಸಂಗಾಟ ಹೊಂಟೀನಿ" ಎಂದು ಒದರುತ್ತ ಓಡಿಬಿಟ್ಟರು. ಮುಗಿಯಿತಲ್ಲ! ಮಾಸ್ತರಿಗೆ ಜುಲಾಬು ಹತ್ತಿ ತಿಂಗಳಾಯಿತು, ಒಬ್ಬರೇ ಹೋಗುವ ತ್ರಾಣವೂ ಇಲ್ಲ, ಪಾಪ ದರ್ಜಿ ಜೊತೆಗೆ ಹೋಗುತ್ತಾನೆ ಎಂದು ಊರು ಲೆಕ್ಕ ಹಾಕಿತು.

ದಾಳಿಂಬೆ ಸಿಪ್ಪೆ ಬಂದದ್ದು ಆಗ. ಸಿಪ್ಪೆ ಬಂದರೆ ಬರಲಿ ಎಂದು ನಾನು ನಕ್ಕುಬಿಡುತ್ತಿದ್ದೆ. ಕಮಲಾ ನಗಲಿಲ್ಲ. ಕೊಡ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಲ್ಲಿ ಕಡಿ ಹೋದ್ರ ಎಲ್ಲಾರೂ ನನ್ನೇ ಕೇಳ್ಲಿಕತ್ತಾರ. ಏನ್ ಅಡಗಿ ಮಾಡ್ತಿಯವ್ವಾ, ಎಣ್ಣಿ ಎಲ್ಲಿದು, ಹಿಟ್ಟಿನಾಗ ಹುಳ ಅದಾವೇನು ನೋಡು ಅಂತ! ಹದಿನೆಂಟು ವರ್ಷ ನಿಮಗ ರೊಟ್ಟಿ ಬಡದೀನಿ. ಒಂದು ದಿನರ ಹೊಟ್ಟಿ ನೂಸಿದ್ದು ಅದೇನು?"

"ಇಲ್ಲ" ಎಂದೆ.

"ಮತ್ತ ನನ್ನ ಅಡಗಿ ಹೆಸರು ಯಾಕ ಕೆಡಸ್ಲಿಕತ್ತೀರಿ?"

ಊರೆಲ್ಲ ಕೊಂಡಾಡುವ ಕೈರುಚಿ ಅವಳದು. ಅವಳ ಪುಂಡಿಪಲ್ಯ ತಿನ್ನಲೆಂದೇ ಸೇಡಂನಿಂದ ನನ್ನ ಅಣ್ಣ ನೆಪ ಹುಡುಕಿಕೊಂಡು ಬರುತ್ತಾನೆ. ನನ್ನ ಓಟದ ಹುಚ್ಚಿನಲ್ಲಿ ಆ ಕೈಗೆ ಮಸಿ ಬಳಿದಿದ್ದೆ. ನಿಜವಾಗಿ ಕೆಡುಕೆನಿಸಿತು.

ಅಷ್ಟರಲ್ಲೇ ಇನ್ನೊಂದು ಹೊಡೆತ. ಓಟದ ಉಸ್ತುವಾರಿ ನಮ್ಮ ಡ್ರಿಲ್ ಮಾಸ್ತರ್ ಶರಣಪ್ಪನವರದು. ಅವರು ನನ್ನ ಹೆಸರು ಹೊಡೆದುಹಾಕಿದ್ದರು! ಓಡಿ ಹೋಗಿ ಕೇಳಿದೆ. (ಬರಿಗೈಯಲ್ಲಿ.)

"ಬ್ಯಾಡ್ರಿ ಮಾಸ್ತರ. ಹೊಟ್ಟಿ ನೆಟ್ಟಗಿಲ್ದವರು ಅಷ್ಟು ದೂರ ಓಡಿ, ದಾರ್ಯಾಗ ಹೆಚ್ಚುಕಮ್ಮಿ ಆದ್ರ ನಾ ಯಾರಿಗಿ ಜವಾಬ್ ಕೊಡ್ಲಿ?"

ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ತಂಬಿಗೆಯ ಗುಟ್ಟನ್ನೂ ಹೇಳಿದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಕನಿಕರದಿಂದ ನೋಡಿದರು. "ತಿಳೀತದ್ರಿ. ಇಂಥಾದು ಹೇಳ್ಕೊಳ್ಳಾಕ ಯಾರಿಗರ ನಾಚಿಕಿ" ಎಂದರು. ನೀವು ಗಮನಿಸಿದ್ದೀರಾ? ನಮ್ಮಲ್ಲಿ ಜ್ವರ ಬಂದಿದೆ ಎಂದರೆ ತಕ್ಷಣ ನಂಬುತ್ತಾರೆ. ಆರಾಮಾಗಿದ್ದೇನೆ ಎಂದರೆ ಮಾತ್ರ ಯಾರೂ ನಂಬುವುದಿಲ್ಲ. ಬಹಳ ಕಾಡಿದ ಮೇಲೆ ಶರಣಪ್ಪನವರು ಒಂದು ಮಾತಿಗೆ ಬಂದರು. "ಹೊಟ್ಟಿ ವಿಷಯ ಗೊತ್ತಿರೂದು ಅಡಗಿ ಮಾಡಿ ಹಾಕೂವ್ರಿಗಿ. ಅಕ್ಕಾರ ಬಂದು ಹೇಳ್ಲಿ, ಬರಕೊಳ್ತೀನಿ."

ಯಾರು? ನನ್ನ ಮೇಲೆ ಕೆಂಡ ಕಾರುತ್ತಿದ್ದ ಕಮಲಾ! ಒಂದು ಮಾತು ಅವಳು 'ಇಲ್ಲ' ಅಂದರೆ ನಾನು ಜನ್ಮಪೂರ್ತಿ ಟ್ರ್ಯಾಕ್ಟರ್ ಮಾಸ್ತರ್. ಮನೆಗೆ ಬಂದು ಅಂಜುತ್ತ ಅಂಜುತ್ತ ಹೇಳಿದೆ. ಅವಳು ಕೈ ತೊಳೆದಳು, ಸೆರಗು ಸರಿ ಮಾಡಿಕೊಂಡಳು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ನಾನು ಹಿಂದೆ ಹಿಂದೆ.

ಮೈದಾನದಲ್ಲಿ ಹತ್ತಾರು ಜನ ಇದ್ದರು. ಅವರೆಲ್ಲರ ಎದುರಿಗೆ ಅವಳು ದನಿ ಎತ್ತಿದಳು. "ಶರಣಪ್ಪಣ್ಣಾರ, ನಿನ್ನಿ ಸಂಜಿ ಇವ್ರು ಐದು ಬಿಳಿಜ್ವಾಳ ರೊಟ್ಟಿ ತಿಂದಾರ. ಮ್ಯಾಲ ಪುಂಡಿಪಲ್ಯ, ಶೇಂಗಾ ಹಿಂಡಿ. ಮತ್ತ ಅನ್ನ ಬ್ಯಾರೆ. ಹೊಟ್ಟಿ ಕೆಟ್ಟವ್ರು ಹಿಂಗ ತಿಂತಾರೇನ್ರಿ? ನನ್ನ ಕೈಯಾನ ಅಡಗಿ ಉಂಡವ್ರಿಗಿ ಏನೂ ಆಗಂಗಿಲ್ಲ. ಬರಕೊಳ್ರಿ ಹೆಸರು!"

ಶರಣಪ್ಪನವರು ಬರೆದುಕೊಂಡರು. ಹೊರಳಿ ಬರುವಾಗ ಅವಳು ನನ್ನ ಕಡೆ ಬೆರಳು ತೋರಿಸಿದಳು. "ನೋಡ್ರಿ, ನಡುದಾರ್ಯಾಗ ಕುಂತ್ರೆಂದ್ರ ನಿಮ್ಮನ್ನ ಯಾರೂ ಬೈಯಂಗಿಲ್ಲ, ನನ್ನ ಅಡಗಿಗೇ ಬೈತಾರ. ಹೊತ್ತು ಮುಳುಗಲಿ, ಮುಟ್ಟಬೇಕು."

ಇಷ್ಟು ದಿನ ನನ್ನ ಮಾನವೊಂದೇ ಹೊತ್ತು ಓಡುತ್ತಿದ್ದೆ. ಈಗ ಅವಳ ಒಲೆಯ ಮಾನವೂ ಸೇರಿತು.

ಓಟದ ದಿನ ವಾಡಿಯಲ್ಲಿ ಸಿಮೆಂಟಿನ ಧೂಳು ಕುಳಿತು ಗಿಡಮರವೆಲ್ಲ ಬೂದಿ ಬಣ್ಣ. ಸೀಟಿ ಊದಿದರು, ಓಡಿದೆವು. ಹುಡುಗರು ಕಣ್ಣಿಗೆ ಕಾಣದಂತೆ ಮಾಯವಾದರು. ನಾನು, ಖಾಜಾಮಿಯಾ ನಮ್ಮ ಹದದಲ್ಲಿ ಹೊರಟೆವು. ಹೋದ ವರ್ಷ ಕುಳಿತಿದ್ದ ಮೈಲಿಗಲ್ಲು ದಾಟಿದಾಗ ಕೂಗಬೇಕೆನಿಸಿತು, ಉಸಿರಿರಲಿಲ್ಲ. ಊರು ಇನ್ನೇನು ಬಂತು ಅನ್ನುವಾಗ ನೋಡಿ, ಅದೇ ಮೀನಖಂಡ! ಕಲ್ಲಿನಂತೆ ಗಟ್ಟಿಯಾಯಿತು. ರಸ್ತೆಯ ಬದಿಗೆ ಕುಸಿದೆ. ಖಾಜಾಮಿಯಾ ನನ್ನ ಕಾಲು ತೊಡೆಯ ಮೇಲಿಟ್ಟುಕೊಂಡು ತಿಕ್ಕತೊಡಗಿದರು.

"ನೀವು ಹೋಗ್ರಿ ಖಾಜಾಭಾಯಿ, ನಿಮ್ಮ ನಂಬರ್ ಹೋಗ್ತದ" ಎಂದೆ.

"ನಂಬರ್ ಹೋದ್ರ ಹೋಗ್ಲಿ. ಒಬ್ಬನೇ ಹೋಗಿ ಭಾಬಿಗಿ ಏನ್ ಮುಖ ತೋರಿಸ್ಲಿ?" ಎಂದರು.

ಅಷ್ಟರಲ್ಲಿ ಹಿಂದಿನಿಂದ ಶರಣಪ್ಪನವರ ಜೀಪು ಬಂತು. ಕುಸಿದವರನ್ನು ಎತ್ತಿಕೊಳ್ಳಲು ಇಟ್ಟಿದ್ದ ಜೀಪು. ಅದರಲ್ಲಿ ಆಗಲೇ ನಾಲ್ಕೈದು ಜನ ಬಿಸ್ಕೀಟು ತಿನ್ನುತ್ತ ಕುಳಿತಿದ್ದರು. "ಹತ್ರಿ ಮಾಸ್ತರ, ಸಾಕು. ನಾ ಮೊದ್ಲೇ ಹೇಳಿದ್ದೆ, ಹೊಟ್ಟಿ ನೆಟ್ಟಗ..."

"ಹೊಟ್ಟಿ ಅಲ್ರೀ, ಕಾಲು!" ಎಂದು ಕಿರುಚಿ ಎದ್ದು ನಿಂತೆ. ಸಿಟ್ಟಿಗೆ ಅರ್ಧ ನೋವು ಹೋಯಿತು. ಉಳಿದರ್ಧವನ್ನು ಎಳೆದುಕೊಂಡು ಕುಂಟುತ್ತ ಓಡಿದೆ, ಓಡುತ್ತ ಕುಂಟಿದೆ. ಜೀಪು ಬೆನ್ನ ಹಿಂದೆಯೇ ಮೆಲ್ಲಗೆ ಬರುತ್ತಿತ್ತು, ಇವತ್ತಲ್ಲ ನಾಳೆ ಹತ್ತುತ್ತಾನೆ ಎಂಬ ನಂಬಿಕೆಯಿಂದ. ನಾನು ಹಿಂದೆ ತಿರುಗಿ ನೋಡಲೇ ಇಲ್ಲ.

ಮೈದಾನ ಮುಟ್ಟಿದಾಗ ಬಹುಮಾನ ಹಂಚಿಯಾಗಿತ್ತು. ಶಾಮಿಯಾನದ ಹಗ್ಗ ಬಿಚ್ಚುತ್ತಿದ್ದರು. ಕೊನೆಯಿಂದ ಎರಡನೆಯವರು ಖಾಜಾಮಿಯಾ, ಕೊನೆಯವನು ನಾನು. ಆದರೆ ಒಬ್ಬರೂ ಮನೆಗೆ ಹೋಗಿರಲಿಲ್ಲ! ಮಾಸ್ತರರ ಹೊಟ್ಟೆ ಏನಾಯಿತೆಂದು ನೋಡಲು ಊರೇ ನಿಂತಿತ್ತು. ಶಾಂತಾಬಾಯಿ ಇದ್ದರು, ಹಕೀಮರಿದ್ದರು, ನಲ್ಲಿಯ ಹೆಂಗಸರೆಲ್ಲ ಇದ್ದರು. ಸುಣ್ಣದ ಗೆರೆ ದಾಟಿ ನಾನು ನೆಲಕ್ಕೆ ಕುಳಿತೆ. ಎಲ್ಲರೂ ಉಸಿರು ಬಿಗಿಹಿಡಿದು ನನ್ನನ್ನೇ ನೋಡಿದರು.

ಕಮಲಾ ಜನರನ್ನು ಸರಿಸಿಕೊಂಡು ಬಂದು ಎದುರಿಗೆ ನಿಂತಳು. ನೋವಾಯಿತೇ ಎಂದು ಕೇಳಲಿಲ್ಲ. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ.

"ಹಸಿವಾಗ್ಯಾದೇನು?"

"ಭಾಳ ಹಸಿವಾಗ್ಯಾದ" ಎಂದೆ.

ಅವಳು ಹೆಂಗಸರ ಕಡೆ ತಿರುಗಿ, ಕಾಗಿಣಾ ದಂಡೆಯವರೆಗೆ ಕೇಳುವಂತೆ ಕೂಗಿದಳು. "ಕೇಳ್ರೆವ್ವಾ ಎಲ್ಲಾರೂ! ಹಸಿವಾಗ್ಯಾದಂತ!"

ಏನು ಚಪ್ಪಾಳೆ ಅಂತೀರಿ! ಮೊದಲ ನಂಬರು ಬಂದ ಹುಡುಗ ತನ್ನ ಕಪ್ ಅನ್ನು ಕಂಕುಳಲ್ಲಿ ಇಟ್ಟುಕೊಂಡು ಪೆಚ್ಚಾಗಿ ನೋಡುತ್ತಿದ್ದ. ಗೆದ್ದದ್ದಕ್ಕೆ ಚಪ್ಪಾಳೆ ಎಲ್ಲರಿಗೂ ಸಿಗುತ್ತದೆ, ಹಸಿದದ್ದಕ್ಕೆ ಊರಿಗೆ ಊರೇ ಚಪ್ಪಾಳೆ ತಟ್ಟಿದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ?