ಬಾಯಲ್ಲಿ ಹೇಳಬಾರದ ಹೆಸರು

ಎಂಬತ್ತರ ದಶಕದಲ್ಲಿ ಬಸವೇಶ್ವರನಗರದ ಒಂದು ಶೆಡ್ಡಿನಲ್ಲಿ ನಾನು ಸಂಜೆ ಹೊತ್ತು ವಯಸ್ಕರ ಶಿಕ್ಷಣದ ತರಗತಿ ನಡೆಸುತ್ತಿದ್ದೆ. ಬರುತ್ತಿದ್ದವರು ಹೆಚ್ಚಾಗಿ ಊದುಬತ್ತಿ ಹೊಸೆಯುವ ಹೆಂಗಸರು. ಎಲ್ಲರೂ ಮೊದಲು ತಮ್ಮ ಹೆಸರು ಬರೆಯಲು ಕಲಿಯುತ್ತಿದ್ದರು. ಒಬ್ಬಾಕೆ ಮಾತ್ರ ಗಂಡನ ಹೆಸರು ಬರೆಯಬೇಕು ಎಂದಳು.

"ಏನು ಹೆಸರು?" ಎಂದು ಕೇಳಿದೆ.

"ಬಾಯಲ್ಲಿ ಹೇಳ್ಬಾರ್ದು ಮೇಡಂ. ರೇಷನ್ ಅಂಗಡೀಲಿ ಕೇಳ್ತಾರೆ. ಪ್ರತಿ ಸಲ ಪಕ್ಕದ್ಮನೆ ಅಕ್ಕನ್ನ ಕರ್ಕೊಂಡು ಹೋಗಿ ಹೇಳಿಸ್ಬೇಕು."

ಹತ್ತಿರ ಕೂತಿದ್ದವಳೊಬ್ಬಳು ಆ ಹೆಸರು ಹೇಳಲು ಹೊರಟಳು. ಈಕೆ ತಡೆದಳು. "ಬೇಡ, ನಾನೇ ಬರೀತೀನಿ."

ಹಾಗಾಗಿ ಆಕೆ ಅಕ್ಷರಮಾಲೆ, ಕಾಗುಣಿತ, ಒತ್ತಕ್ಷರ ಎಲ್ಲವನ್ನೂ ಕಲಿಯಬೇಕಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಸ್ಲೇಟನ್ನು ನನ್ನ ಮುಂದೆ ಹಿಡಿದಳು. ನಾನು ಗಟ್ಟಿಯಾಗಿ ಓದಿದೆ. ಆಕೆ ನಾಚಿಕೊಂಡು ತಲೆ ತಗ್ಗಿಸಿದಳು.

ಮುಂದಿನ ವಾರ ಒಬ್ಬಳೇ ರೇಷನ್ ಅಂಗಡಿಗೆ ಹೋಗಿ, ಹೆಸರು ಬರೆದು ತೋರಿಸಿ, ಸೀಮೆಎಣ್ಣೆ ತಂದಳಂತೆ. ಆಮೇಲೆ ತರಗತಿಗೆ ಬರಲಿಲ್ಲ. ದಾರಿಯಲ್ಲಿ ಸಿಕ್ಕಾಗ, "ನಿಮ್ಮ ಹೆಸರು ಬರೆಯೋದು ಕಲಿಯಲ್ವಾ?" ಎಂದು ಕೇಳಿದೆ.

"ಅದನ್ನ ಮನೇಲೇ ಬರ್ಕೊಂಡೆ ಮೇಡಂ," ಎಂದಳು. "ಅಕ್ಷರ ಅವೇ ಅಲ್ವಾ?"