ಕಿಟಕಿ ಇಲ್ಲದ ಕೋಣೆಗೂ ಹಸಿರು ಸರ್ಟಿಫಿಕೇಟ್

ಗೆಳೆಯರೇ, ಇವತ್ತು ಒಬ್ಬ ಬಿಲ್ಡರನ್ನು ಬೇಸ್‌ಮೆಂಟಿನ ಸೆಕೆಯಲ್ಲಿ ಕೂರಿಸಿ ಬಂದೆ.

ನಾನು ಆರ್ಕಿಟೆಕ್ಟ್. ರಾಮಮೂರ್ತಿ ನಗರದಲ್ಲಿ ಏಳುತ್ತಿರುವ ಅವರ ಅಪಾರ್ಟ್‌ಮೆಂಟಿಗೆ 'ಹಸಿರು ಕಟ್ಟಡ' ಎಂಬ ಸರ್ಟಿಫಿಕೇಟ್ ಬೇಕಂತೆ. ಅದನ್ನು ಕೊಡುವ ಎರಡು ಪದ್ಧತಿಗಳನ್ನು ಹೋಲಿಸಿ, ಮಧ್ಯಾಹ್ನ ಸೈಟಿನಲ್ಲೇ ವಿವರಿಸಿದೆ. ಮೊದಲನೆಯದು ಮಾರುವ ಫ್ಲ್ಯಾಟುಗಳ ಗಾಳಿ ಬೆಳಕನ್ನಷ್ಟೇ ನೋಡುತ್ತದೆ. ಎರಡನೆಯದು ಕೆಲಸದವರು ಉಂಡು ದಣಿವಾರಿಸಿಕೊಳ್ಳುವ ಕೋಣೆಯನ್ನೂ ನೋಡುತ್ತದೆ. ನಮ್ಮಲ್ಲಿ ಆ ಕೋಣೆ ಬೇಸ್‌ಮೆಂಟಿನಲ್ಲಿದೆ. ನನಗಿಂತ ಮೊದಲು ಇಲ್ಲಿದ್ದ ಆರ್ಕಿಟೆಕ್ಟ್ ಅದಕ್ಕೆ ಕಿಟಕಿಯನ್ನೇ ಇಟ್ಟಿಲ್ಲ.

"ಮೊದಲನೇದಕ್ಕೇ ಅಪ್ಲೈ ಮಾಡಿ ಮೇಡಂ, ಈಸಿಯಾಗಿ ಪಾಸ್ ಆಗ್ತೀವಿ," ಎಂದರು ಬಿಲ್ಡರ್.

"ಹಾಗಾದ್ರೆ ಉಳಿದ ಮೀಟಿಂಗ್ ಆ ರೂಮಲ್ಲೇ ಮಾಡೋಣ ಬನ್ನಿ ಸಾರ್."

ನಗುತ್ತಲೇ ಬಂದರು. ಸೈಟಿನಲ್ಲಿ ಕಸ ಗುಡಿಸುವ ಯಾದಗಿರಿಯ ಶರಣಮ್ಮ ಅಲ್ಲಿ ಊಟಕ್ಕೆ ಕುಳಿತಿದ್ದರು. ನಾನು ಬಾಗಿಲು ಮುಂದೆ ಮಾಡಿದೆ. ಐದೇ ನಿಮಿಷಕ್ಕೆ ಬಿಲ್ಡರ್ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು.

"ಭಾಳ ಶೆಕಿ ಆಗಕತ್ತೈತೇನ್ರಿ ಸಾಹೇಬ್ರ? ನಾವು ದಿನಾ ಇಲ್ಲೇ ಉಣ್ತೀವ್ರಿ," ಎಂದರು ಶರಣಮ್ಮ.

"ಮೇಡಂ, ಮೊದ್ಲು ಬಾಗ್ಲು ತೆಗೀರಿ."

"ತೆಗೀತೀನಿ. ಆದ್ರೆ ಈ ರೂಮು ಮೇಲಕ್ಕೆ ಬರೋವರೆಗೂ ನಾನು ಯಾವ ಅರ್ಜಿಗೂ ಸೈನ್ ಹಾಕಲ್ಲ. ಬೇಕಿದ್ರೆ ಬೇರೆ ಆರ್ಕಿಟೆಕ್ಟ್‌ನ ನೋಡ್ಕೊಳ್ಳಿ."

ಬಾಗಿಲು ತೆಗೆದ ಕೂಡಲೇ ಅವರು ಹೋಗಿ ಕಾರು ಹತ್ತಿದರು. ಕೆಲಸ ಹೋಯಿತು ಅಂದುಕೊಂಡೆ. ಸಂಜೆ ಮೆಸೇಜ್ ಬಂತು: "ರೂಮನ್ನ ಗ್ರೌಂಡ್ ಫ್ಲೋರಿಗೆ ತನ್ನಿ. ಎರಡನೇದಕ್ಕೇ ಅಪ್ಲೈ ಮಾಡಿ. ಇದು ನನ್ನ ಐಡಿಯಾ ಅಂತ ಬ್ರೋಷರಲ್ಲಿ ಹಾಕಿಸ್ತೀನಿ."

ಧಾರಾಳವಾಗಿ ಹಾಕಿಸಿಕೊಳ್ಳಲಿ. ಹೊಸ ನಕ್ಷೆಯಲ್ಲಿ ನಾನು ಒಂದಲ್ಲ, ಎರಡು ಕಿಟಕಿ ಬರೆದಿದ್ದೇನೆ.